ಅಕ್ಕನಿಗೆ ಕೊಟ್ಟ ಸೀರೆ

ಹಲಸೂರಿನ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತಿದ್ದ ಗಂಡಹೆಂಡತಿಯ ಮಾತು ಇದು. ಕೇಳಿಸಿಕೊಳ್ಳಬಾರದು ಅನ್ನಿಸಿತು, ಆದರೂ ನಾನು ಎದ್ದು ಹೋಗಲಿಲ್ಲ.

"ಜಮೀನು ಮಾರಿದ ಟ್ಯಾಕ್ಸ್ ಕಟ್ಟಿಲ್ಲ ಅಂತ ಇನ್‌ಕಮ್ ಟ್ಯಾಕ್ಸ್‌ನವ್ರು ಫ್ಯಾಕ್ಟರಿಗೇ ಬರೆದವ್ರೆ ಕಣೇ. ಈ ತಿಂಗಳಿಂದ ಸಂಬಳದಲ್ಲೇ ಹಿಡ್ಕೋತಾರಂತೆ."

"ಅವತ್ತೇ ಆಡಿಟರ್ ಹತ್ರ ಹೋಗಿ ಅಂದೆ. ಬ್ರೋಕರ್ ನೋಡ್ಕೋತಾನೆ ಅಂದ್ರಿ."

"ನೋಡ್ಕೋತೀನಿ ಅಂದಿದ್ದ."

"ನೋಡ್ಕೊಂಡ, ಅವನ ಮನೆಗೆ ಮೂರನೇ ಮಹಡಿ ಕಟ್ಕೊಂಡ. ಈಗ್ಲಾದ್ರೂ ನಿಮ್ಮಕ್ಕನ ಮಗನ್ನ ಕೇಳಿ. ಪ್ರೇಮ್‌ಕುಮಾರ್ ಇಂದಿರಾನಗರದಲ್ಲಿ ಆಡಿಟರ್ ಅಂತ ಬೋರ್ಡು ಹಾಕವ್ನೆ."

"ಯಾವ ಮುಖ ಇಟ್ಕೊಂಡು ಕೇಳ್ಲಿ? ಅದೇ ಜಮೀನಲ್ಲಿ ಭಾಗ ಬೇಡ ಅಂತ ಅಕ್ಕನ ಕೈಲಿ ಸೈನ್ ಹಾಕಿಸ್ಕೊಂಡೆ. ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ ಕೊಟ್ಟು ಕಳಿಸ್ದೆ."

"ನಿಮ್ಮಕ್ಕಂಗೆ ಬೆಳಿಗ್ಗೇನೇ ಫೋನ್ ಮಾಡಿ ಎಲ್ಲಾ ಹೇಳ್ದೆ."

"ಹೇಳ್ಬಿಟ್ಯಾ! ಏನಂದ್ಲು?"

"'ಪ್ರೇಮು ಇವತ್ತು ಮನೇಲೇ ಇರ್ತಾನೆ, ಊಟಕ್ಕೇ ಬಂದ್ಬಿಡಿ' ಅಂದ್ರು."

ಅಷ್ಟರಲ್ಲಿ ಇಂದಿರಾನಗರದ ಬಸ್ ಬಂತು. ಹೆಂಡತಿ ಎದ್ದರು, ಆತ ಏಳಲಿಲ್ಲ.

"ಅಕ್ಕ ಆ ಸೀರೇನೇ ಉಟ್ಕೊಂಡಿದ್ರೆ ಏನೇ ಮಾಡ್ಲಿ?"

"ಅದು ಮೊದಲ್ನೇ ಒಗೆತಕ್ಕೇ ಬಣ್ಣ ಬಿಡ್ತಂತೆ. ಹತ್ತಿ ಬನ್ನಿ."

ಗಂಡ ತಲೆ ತಗ್ಗಿಸಿಕೊಂಡೇ ಬಸ್ ಹತ್ತಿದರು.