ಎರಡನೇ ಕೋಟು

...ಅಲ್ಲಾಡಬೇಡ ಕಣೇ, ಗುಂಡುಸೂಜಿ ಚುಚ್ಚುತ್ತೆ. ಹೊಲಿಯೋಳ ತಂಗಿ ಅಂತ ಸೂಜಿಗೇನು ಗೊತ್ತು? ನೇರ ನಿಂತ್ಕೋ. ಹಾಂ, ಹಾಗೆ.

ಯಾಕೆ ನಗ್ತೀಯ? ಕೋಟು ದಪ್ಪ ಆಯ್ತು ಅಂತಲಾ? ಆಗಲಿ ಬಿಡು. ಅಲ್ಲಿ ಹಿಮ ಬೀಳೋವಾಗ ಈ ಅಕ್ಕನ್ನ ನೆನೆಸ್ಕೋತೀಯ... ನೆನೆಸ್ಕೊಳ್ಳೋದೇನು ಬಂತು, ಪಕ್ಕದಲ್ಲೇ ಇರ್ತೀನಲ್ಲ. ನಾನೊಬ್ಬಳು!

ನೆನಪಿದೆಯಾ, ಅಮ್ಮನ ದಿಂಬು ಹರಿದು, ಮಂಚ ಹತ್ತಿ, ಹಿಮ ಹಿಮ ಅಂತ ಹತ್ತಿ ಹಾರಿಸಿದ್ದು? ಏಟು ತಿಂದಿದ್ದು ಮಾತ್ರ ನಾನು. ನೀನು ಮಂಚದ ಕೆಳಗೆ. ಆಮೇಲೆ ಹೊರಗೆ ಬಂದು, 'ದೊಡ್ಡೋರಾದ್ಮೇಲೆ ನಿಜವಾದ ಹಿಮಾನೇ ನೋಡೋಣ ಅಕ್ಕ, ನಾವಿಬ್ಬರೇ' ಅಂದೆ. ನಾನಲ್ಲ, ನೀನೇ ಅಂದಿದ್ದು... ತಲೆ ಆಡಿಸಬೇಡ, ಕಾಲರ್ ಸೊಟ್ಟ ಆಗುತ್ತೆ.

ಹೊಲಿಸೋಕೆ ಬಂದೋರಿಗೆಲ್ಲ ಹೇಳಿಬಿಟ್ಟಿದೀನಿ, ನಾನೂ ನನ್ನ ತಂಗೀನೂ ವಿದೇಶಕ್ಕೆ ಹೋಗ್ತೀವಿ, ಅಂಗಡಿ ಬಾಗಿಲು ಹಾಕಿರುತ್ತೆ ಅಂತ. ನಿಮ್ಮ ಕಾಲು ನೆಲದ ಮೇಲೇ ನಿಲ್ತಿಲ್ಲವಲ್ಲ ಅಂತ ಪಕ್ಕದ ಇಸ್ತ್ರಿಯವನು ಆಡಿಕೊಳ್ತಾನೆ.

ಕಾಲು ಅಂದ್ರೆ ನೆನಪಾಯ್ತು. ನನ್ನ ಮೊಣಕಾಲು ಮುಟ್ಟಿ ನೋಡು. ಇಷ್ಟು ವರ್ಷ ಮೆಷಿನ್ ತುಳಿದಿದ್ದು, ಕಬ್ಬಿಣ ಆಗಿದೆ. ಎಂಥಾ ಗುಡ್ಡ ಆದ್ರೂ ಹತ್ತುತ್ತೆ... ಏನಾಯ್ತು? ಮುಖ ಯಾಕೆ ಹಾಗೆ ಮಾಡ್ದೆ? ಸೂಜಿ ಚುಚ್ತಾ?

ಇಲ್ವಾ. ಸರಿ.

ಇಗೋ, ಇದು ಎರಡನೇ ಕೋಟು. ನನ್ನ ಮೈಗೆ ಹಿಡಿದು ನೋಡು. ಹಿಡಿಯೇ... ತೋಳು ಉದ್ದ ಅಲ್ವಾ? ನನ್ನ ಬೆರಳೂ ಕಾಣ್ತಿಲ್ಲ. ಸೊಂಟದ ಹತ್ರ ಗುಂಡಿ ಸೇರೋದೇ ಇಲ್ಲ. ಯಾರ ಅಳತೆ ಇದು, ಹೇಳು?

ಕೋಟು ಕೆಳಗಿಡಬೇಡ, ಹಿಡ್ಕೋ.

ನಿನ್ನ ನಾದಿನಿ ಬಂದಿದ್ಲು ಕಣೇ, ಹೋದ ವಾರ. ಪಾಪ, ಅವಳದೇನೂ ತಪ್ಪಿಲ್ಲ. ನನಗೆಲ್ಲ ಗೊತ್ತು ಅಂದ್ಕೊಂಡೇ ಬಂದಿದ್ದು. ಕೈ ಚಾಚಿ ನಿಂತು ಅಳತೆ ಕೊಡ್ತಾ ಕೊಡ್ತಾ ಕೇಳಿದ್ಲು, 'ಮೊಣಕಾಲು ನೋವು ಹೇಗಿದೆ ಅಕ್ಕ? ನಿಮ್ಮ ಕೈಲಿ ಆಗಲ್ಲ ಅಂದ್ರಂತಲ್ಲ, ಅದಕ್ಕೇ ಅತ್ತಿಗೆ ನನ್ನ ಕರ್ಕೊಂಡು ಹೋಗ್ತಿದಾರೆ' ಅಂತ. ಬಾಯಲ್ಲಿ ಗುಂಡುಸೂಜಿ ಕಚ್ಕೊಂಡಿದ್ದೆ, ಬದುಕಿದೆ. ಹೂಂ ಅಂದೆ. ನಿನ್ನ ಮಾತು ಸುಳ್ಳಾಗಬಾರದು ಅಂತ, ಅವಳನ್ನ ಬಾಗಿಲ ತನಕ ಕುಂಟ್ಕೊಂಡೇ ಕಳಿಸಿಬಂದೆ.

ಬೇರೆ ಯಾರಾದ್ರೂ ಮಾಡಿದ್ರೆ ಮರೀತಿದ್ದೆ. ನೀನು ನನ್ನ ಬೆನ್ನಿಗೆ ಬಿದ್ದೋಳು. ನಂಬಿಸಿ ಕತ್ತು ಕೊಯ್ದೆಯಲ್ಲೇ... 'ಅಕ್ಕ, ನೀನು ಬರೋದು ಬೇಡ' ಅಂತ ನೇರವಾಗಿ ಅಂದಿದ್ರೆ ಒಂದು ದಿನ ಅಳ್ತಿದ್ದೆ, ಅಷ್ಟೇ.

ಏನು ನೋಡ್ತೀಯ ಅಲ್ಲಿ? ಹೂಂ, ಅದೇ ನನ್ನ ಕೋಟಿನ ಬಟ್ಟೆ. ಮಡಚಿದ್ದು ಮಡಚಿದ ಹಾಗೇ ಇದೆ, ಕತ್ತರಿ ಹಾಕಿಲ್ಲ. ಇವತ್ತು ನೀನಾಗೇ ಬಾಯಿ ಬಿಡ್ತೀಯೇನೋ ಅಂತ, ನೀನು ಬಂದಾಗಿಂದ ಒಂದೇ ಸಮ ಮಾತಾಡ್ತಾ ಕಾದೆ.

ಈಗಲೂ ಇಲ್ಲ, ಅಲ್ವಾ?

...ಸರಿ ಬಿಡು. ತೋಳು ಎತ್ತು. ಕಂಕುಳಲ್ಲಿ ಹಿಡಿಯುತ್ತಾ ನೋಡ್ತೀನಿ.