ಐದು ಗಂಟೆಗೆ ಕೊಡವುವ ಬಟ್ಟೆ

ಭದ್ರಾವತಿಯ ಹಳೇನಗರದಲ್ಲಿ ರಾಮಯ್ಯನವರ ಮನೆ. ಸೂರಿನ ಹಳೆಯ ಸಿಮೆಂಟ್ ಶೀಟಿನಲ್ಲಿ ಶ್ವಾಸಕೋಶ ಹಾಳುಮಾಡುವ ಆಸ್ಬೆಸ್ಟಾಸ್ ನಾರು ಇದೆಯೇ ಎಂದು ಪರೀಕ್ಷಿಸಲು ನಾನು ಶಿವಮೊಗ್ಗದ ಲ್ಯಾಬಿನಿಂದ ಹೋಗಿದ್ದೆ. ಧೂಳೇಳದಂತೆ ಶೀಟನ್ನು ಒದ್ದೆ ಮಾಡಿ, ಉಗುರಿನಷ್ಟು ಚೂರು ತೆಗೆದು ಪೊಟ್ಟಣ ಕಟ್ಟುವ ಹೊತ್ತಿಗೆ ಮಳೆ ಹಿಡಿದು ನಾಲ್ಕರ ಬಸ್ಸು ತಪ್ಪಿತು. ರಿಪೋರ್ಟ್ ಬರಲು ವಾರ ಬೇಕು ಎಂದದ್ದಕ್ಕೆ ಅವರ ಮೊಮ್ಮಗಳು ಕವನ ಮುಖ ಗಂಟು ಹಾಕಿಕೊಂಡಳು. ಸೋರುವ ಶೀಟು ಒಡೆಯಲು ಆಳುಗಳು ನಾಳೆಯೇ ಬರುವವರಿದ್ದರು.

"ಒಂದು ಶೀಟ್ ಒಡೆಯೋಕೆ ವಾರ ಕಾಯ್ಬೇಕಾ? ಮಗು ಹಾಸಿಗೆ ಮೇಲೇ ಸೋರ್ತಿದೆ," ಎಂದಳು. ಅವಳ ಎರಡು ವರ್ಷದ ಮಗಳು ಪಾತ್ರೆಗೆ ಬೀಳುವ ಹನಿಗೆ ಕೈಯೊಡ್ಡಿ ಆಡುತ್ತಿದ್ದಳು.

ಎಂಬತ್ತು ದಾಟಿದ ರಾಮಯ್ಯ ಎಲೆಅಡಿಕೆ ತಟ್ಟೆ ಸರಿಸಿ, "ಕೂತ್ಕೊಳ್ಳಿ ಇಬ್ರೂ," ಎಂದು ಗದರಿದರು.

"ನಾನು ಕಾರ್ಖಾನೇಲಿ ಉಗಿ ಪೈಪಿಗೆ ಆಸ್ಬೆಸ್ಟಾಸಿನ ಬಿಳಿ ಹಗ್ಗ ಸುತ್ತೋನು... ಬೆಂಕಿಗೂ ಸುಡದ ಹಗ್ಗ ಮಾರಾಯ್ತಿ, ನಮಗೆಲ್ಲ ಅದೊಂದು ಹೆಮ್ಮೆ! ಮಿಕ್ಕ ತುಂಡು ತಂದು ಬಚ್ಚಲ ಹಂಡೆಗೆ ಸುತ್ತದೋರು ಈ ಬೀದೀಲಿ ಯಾರಿದ್ರು ಹೇಳು? ಐದಕ್ಕೆ ಸೈರನ್ ಆಗಿ ನಾನು ಮನೆಗೆ ಬಂದ್ರೆ ನಿಮ್ಮಜ್ಜಿ ದುರ್ಗಮ್ಮ ನನ್ನ ಖಾಕಿ ಅಂಗಿ ಬಿಚ್ಚಿಸ್ಕೊಂಡು, ಹಿತ್ತಲ ಕಟ್ಟೆ ಮೇಲೆ ನಿಂತು ಪಟಾರ್ ಪಟಾರ್ ಅಂತ ಕೊಡವೋಳು. ಹಿಟ್ಟಿನ ಗಿರಣಿಯವಳ ಥರ ಬೆಳ್ಳಗಾಗೋಳು. 'ಏನೇ, ಇವತ್ತು ಪೌಡರ್ ಜಾಸ್ತಿ ಆಯ್ತು' ಅಂತ ರೇಗಿಸ್ತಿದ್ದೆ... ಕೊಡವ್ಬೇಡ, ನೆನೆಸಿ ಒಗಿ ಅನ್ನೋ ಬುದ್ಧಿ ನನಗೂ ಇರ್ಲಿಲ್ಲ, ಹೇಳ್ಬೇಕಾದೋರೂ ಹೇಳ್ಲಿಲ್ಲ. ಧೂಳು ಹೊತ್ತು ತಂದೋನು ನಾನು, ಉಸಿರು ಸಿಗದೆ ಹೋದೋಳು ಅವಳು. ಇದಕ್ಕಿಂತ ಪಾಪ ಇದ್ಯಾ?

"ತಿಥಿ ಮುಗಿದ ಮಾರನೇ ದಿನ... ಸೈರನ್ ಆಯ್ತು. ಹಿತ್ತಲಲ್ಲಿ ಪಟಾರ್! ಹೋಗಿ ನೋಡಿದ್ರೆ ಯಾರೂ ಇಲ್ಲ, ಕಟ್ಟೆ ಮೇಲೆ ಬೆಳ್ಳಗೆ ಧೂಳು. ನನ್ನ ಅಂಗೀನೇ ಕೊಡವ್ತಿದಾಳೆ ಅನ್ಕೊಂಡು ಸುಮ್ನಾದೆ. ಆಮೇಲೊಂದು ಸಂಜೆ ಸದ್ದೇ ಬೇರೆ, ತೆಳ್ಳಗೆ, ಲುಂಗಿ ಕೊಡವಿದ ಹಾಗೆ. ಮಾರನೇ ದಿನ ಪಕ್ಕದ್ಮನೆ ಯೋಗರಾಜ ಲುಂಗಿ ಎತ್ತಿ ಕಟ್ಟಿ, ಬಚ್ಚಲ ಶೀಟನ್ನ ಒಣಗಿದ್ದ ಹಾಗೇ ಸುತ್ತಿಗೇಲಿ ಪುಡಿ ಮಾಡ್ದ. ಒಂದು ವರ್ಷ ಆಯ್ತು, ಹತ್ತು ವರ್ಷ ಆಯ್ತು, ಗುಂಡುಕಲ್ಲಿನ ಹಾಗೇ ಇದ್ದ. ಆ ಧೂಳು ಇಪ್ಪತ್ತೈದು ವರ್ಷ ಕಾದು ಕೂತಿತ್ತು ಅವನೆದೇಲಿ... ಈಗ ಮೂಗಿಗೆ ಆಕ್ಸಿಜನ್ ನಳಿಗೆ ಹಾಕ್ಕೊಂಡಿದಾನೆ, ಹೋಗಿ ನೋಡ್ಕೊಂಡ್ ಬಾ."

"ಸೈರನ್ ನಿಂತೇ ಎಷ್ಟು ಕಾಲ ಆಯ್ತು! ನನ್ನ ಹೆದರಿಸೋಕೆ ಹೇಳ್ತಿದೀರಾ ಅಜ್ಜ?" ಎಂದು ಕವನ ನಕ್ಕಳು.

"ಸೈರನ್ ನಿಂತ್ರೂ ನಿಮ್ಮಜ್ಜಿ ಕೊಡವೋದು ನಿಲ್ಲಿಸಿಲ್ಲ. ಹೆದರಿರೋನು ನಾನು ಕಣೇ." ರಾಮಯ್ಯ ಮಗುವಿನ ಕಡೆ ನೋಡಿದರು. "ನಿನ್ನೆನೂ ಕೇಳ್ತು... ಅಂಗಿಯಲ್ಲ, ಲುಂಗಿಯಲ್ಲ. ಪುಟ್ಟ ಸದ್ದು. ಗೇಣುದ್ದದ ಫ್ರಾಕು ಕೊಡವಿದ ಹಾಗೆ."

ಕವನಳ ನಗು ಅರ್ಧಕ್ಕೇ ನಿಂತಿತು. ಮಗಳನ್ನು ಎತ್ತಿ ಸೊಂಟಕ್ಕೇರಿಸಿಕೊಂಡು, ಆಳುಗಳಿಗೆ ಫೋನ್ ಮಾಡಿ ನಾಳೆ ಬರುವುದು ಬೇಡವೆಂದಳು. ರಾಮಯ್ಯ ಗೋಡೆಯ ಗಡಿಯಾರ ನೋಡಿದರು.

"ಹೇಳಿ ಆಯ್ತಾ? ಸರಿ, ಇಬ್ರೂ ಸುಮ್ನಿರಿ ಈಗ... ಐದಾಗ್ತಾ ಬಂತು. ಆ ಫ್ರಾಕು ಅವಳು ಕೆಳಗಿಟ್ಳೋ ಇಲ್ವೋ, ಕೇಳೋಣ."