ಹೊಳೆಯೋದು ಮೇಲಿರಲಿ

ವೇದಿಕೆಯ ನಟ್ಟನಡುವೆ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡ ಅಧ್ಯಕ್ಷರೇ, ಅವರ ಬಲಕ್ಕಿರುವ ಆಡಳಿತ ನಿರ್ದೇಶಕರೇ, ಎಡಕ್ಕಿರುವ ಭೂವಿಜ್ಞಾನಿ ಮೇಡಂ ಅವರೇ, ಕುರ್ಚಿ ಸಿಕ್ಕ ದೊಡ್ಡ ಷೇರುದಾರರೇ, ಗೋಡೆಗೆ ಒರಗಿದ ನನ್ನಂಥ ಸಣ್ಣ ಷೇರುದಾರರೇ, ಸುಣ್ಣಕಲ್ಲು ಗಣಿಯ ನನ್ನ ಜೊತೆಗಾರರೇ, ಚಹಾ ಬಂತೇ ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ಐದು ನಿಮಿಷ ಮಾತಾಡಿ ಎಂದಿದ್ದಾರೆ. ನಾನು ಮೂವತ್ತೊಂದು ವರ್ಷ ಕಲ್ಲುಗಳ ಜೊತೆ ಕೆಲಸ ಮಾಡಿದವನು. ಅವು ನನಗೆ ಒಮ್ಮೆಯೂ 'ಸಾಕು ಮಾಡು' ಎಂದಿಲ್ಲ. ಆದ್ದರಿಂದ ಎಲ್ಲಿ ನಿಲ್ಲಿಸಬೇಕೆಂಬುದು ನನಗೆ ಅಷ್ಟಾಗಿ ಗೊತ್ತಿಲ್ಲ. ದಯವಿಟ್ಟು ಸಹಿಸಿಕೊಳ್ಳಿ.

ನಿರ್ದೇಶಕರ ಭಾಷಣ ಕೇಳಿದಿರಿ. ಎಂಥ ಭಾಷಣ! ಹನ್ನೊಂದು ಸಲ 'ಹೊಸ ದಿಕ್ಕು' ಎಂದರು. ನಾನು ಎಣಿಸಿದೆ. ಪ್ರತಿ ಸಲವೂ ಕೈಯನ್ನು ಬೇರೆ ಬೇರೆ ಕಡೆಗೆ ತೋರಿಸಿದರು. ಒಮ್ಮೆ ಕಿಟಕಿಯ ಕಡೆ, ಒಮ್ಮೆ ಫ್ಯಾನಿನ ಕಡೆ, ಒಮ್ಮೆ ಪಾಪ, ಅಧ್ಯಕ್ಷರ ಕನ್ನಡಕದ ಕಡೆ. ಆದರೂ ವಿಷಯ ನಮಗೆಲ್ಲ ಅರ್ಥವಾಗಿದೆ. ಸುಣ್ಣಕಲ್ಲಿನ ಗಣಿಯನ್ನು ಮಾರಿಬಿಡುವುದು, ಬಂದದ್ದನ್ನೆಲ್ಲ ಗುಡ್ಡದ ಆಚೆ ತಾಮ್ರ ಅಗೆಯಲು ಹಾಕುವುದು. ಇದೇ ನಾಲ್ಕನೇ ಠರಾವು. ಚಹಾ ಆದ ಮೇಲೆ ನಾವು ಇದಕ್ಕೆ ಕೈ ಎತ್ತಬೇಕು. ಎತ್ತಿದರೆ ಗಣಿಯ ಅರವತ್ತೆರಡು ಜನ ಮುಂದಿನ ತಿಂಗಳಿಂದ ಬೇರೆ ಕೆಲಸ ಹುಡುಕಿಕೊಳ್ಳಬೇಕು.

ತಾಮ್ರ ಇದೆ ಎಂದು ಹೇಗೆ ಗೊತ್ತಾಯಿತು? ಗುಡ್ಡದ ಆಚೆ ಎಂದೋ ಮಾಡಿದ ಒಂಬತ್ತನೇ ಕೊರೆತದಿಂದ ಗೊತ್ತಾಯಿತು. ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ನೆಲಕ್ಕೆ ಕೊಳವೆ ಇಳಿಸಿ ಕೊರೆದಾಗ ಕಲ್ಲು ಉದ್ದುದ್ದ ತುಂಡಾಗಿ ಮೇಲೆ ಬರುತ್ತದೆ, ಸೀಮೆಸುಣ್ಣದ ಕಡ್ಡಿಯ ದೊಡ್ಡಣ್ಣನ ಹಾಗೆ. ಬಂದ ಕ್ರಮದಲ್ಲೇ ಪೆಟ್ಟಿಗೆಯಲ್ಲಿ ಜೋಡಿಸಬೇಕು. ನಡುನಡುವೆ ಎಷ್ಟು ಅಡಿ ಆಳ ಎಂದು ಬರೆದ ಮರದ ತುಂಡು ಇಡಬೇಕು. ಕ್ರಮವೇ ಎಲ್ಲ: ಮೇಲಿನ ಪೆಟ್ಟಿಗೆ ಎಂದರೆ ಕಡಿಮೆ ಆಳದ ಕಲ್ಲು, ಕೆಳಗಿನದು ಎಂದರೆ ಹೆಚ್ಚು ಆಳದ್ದು. ಆ ಪೆಟ್ಟಿಗೆಗಳ ಷೆಡ್ಡಿನ ಉಸ್ತುವಾರಿ ನನ್ನದು. 'ಅವುಗಳನ್ನು ಕಣ್ಣಿನ ಹಾಗೆ ಕಾಪಾಡಿದವರು' ಎಂದು ಈಗ ತಾನೇ ನನಗೆ ಈ ಫಲಕ ಕೊಟ್ಟಿದ್ದಾರೆ. ಬಹಳ ಸಂತೋಷ. ಫಲಕ ಭಾರವಾಗಿದೆ.

ನನ್ನ ಮದುವೆಯ ವಿಷಯ ಹೇಳಬೇಕೆಂದಿರಲಿಲ್ಲ. ಆದರೆ ಫಲಕದ ಮಾತು ಬಂದ ಮೇಲೆ ಹೇಳದೆ ದಾರಿಯಿಲ್ಲ.

ಹುಡುಗ ಏನು ಕೆಲಸ ಮಾಡುತ್ತಾನೆ ಎಂದು ನೋಡಲು ನನ್ನ ಮಾವ, ಆಗಿನ್ನೂ ಮಾವ ಆಗಿರಲಿಲ್ಲ, ಒಂದು ಮಧ್ಯಾಹ್ನ ಷೆಡ್ಡಿಗೆ ಬಂದರು. ಅವರದು ಹಣ್ಣಿನ ಅಂಗಡಿ. ಒಳಗೆ ಬಂದವರೇ ಸುತ್ತ ನೋಡಿ, "ಏನಪ್ಪಾ, ದಿನಾ ಇಲ್ಲಿ ಕೂತು ಕಲ್ಲು ಕಾಯ್ತೀಯಾ? ಅದೇನು ಓಡಿಹೋಗುತ್ತಾ?" ಎಂದರು. ನನಗೆ ಮರ್ಯಾದೆ ಹೋದ ಹಾಗಾಯಿತು. "ಇದನ್ನ ಎತ್ತೋಕೆ ಇಬ್ಬರು ಬೇಕು, ನಾನೊಬ್ಬನೇ ಎತ್ತುತ್ತೀನಿ ನೋಡಿ" ಎಂದು ಮೇಲಿನ ಪೆಟ್ಟಿಗೆಗೆ ಕೈ ಹಾಕಿದೆ. ಪೆಟ್ಟಿಗೆಯೂ ಬಂತು, ಹಲಗೆಯೂ ಬಂತು, ಒಂಬತ್ತನೇ ಕೊರೆತದ ಅಷ್ಟೂ ಪೆಟ್ಟಿಗೆಗಳು ಬಂದವು. ಮಾವ ಮೇಜಿನ ಮೇಲೆ ಹತ್ತಿ ಪ್ರಾಣ ಉಳಿಸಿಕೊಂಡರು.

ನಗಬೇಡಿ. ನನ್ನ ಸ್ಥಿತಿ ನೆನೆದುಕೊಳ್ಳಿ. ನೆಲದ ತುಂಬ ಕಲ್ಲು, ಹೆಣ್ಣು ಕೊಡಬೇಕಾದವರು ಮೇಜಿನ ಮೇಲೆ, ಹಿರಿಯ ಭೂವಿಜ್ಞಾನಿ ಸಾಹೇಬರು ಮರುದಿನ ಬೆಳಿಗ್ಗೆ ರಜೆ ಮುಗಿಸಿ ಬರುವವರು.

ಆ ಮಹಾನುಭಾವರು ಮೇಜಿನಿಂದ ಇಳಿದು, ಅಂಗಿಯ ತೋಳು ಮಡಚಿ, ನನ್ನ ಪಕ್ಕ ಕುಳಿತರು. ಮರದ ತುಂಡುಗಳನ್ನು ನಾವು ಸರಿಯಾಗಿಯೇ ಇಟ್ಟೆವು, ಅಂಕಿ ಓದಲು ಇಬ್ಬರಿಗೂ ಬರುತ್ತಿತ್ತು. ಕಲ್ಲುಗಳ ಮೇಲೆ ಮಾತ್ರ ಏನೂ ಬರೆದಿರಲಿಲ್ಲ. ಮುರಿದ ತುದಿಗೆ ತುದಿ ಕೂಡಿಸಲು ನೋಡಿದೆವು. ಕೆಲವು ಕೂಡಿದವು, ಹಲವು ಕೂಡಲಿಲ್ಲ. ಕೂಡದವುಗಳಲ್ಲಿ ಒಂದಿಷ್ಟು ಚಿನ್ನದ ಬಣ್ಣಕ್ಕೆ ಹೊಳೆಯುತ್ತಿದ್ದವು. "ಇವನ್ನ ಎಲ್ಲಿಡೋದು?" ಎಂದೆ. ಇಪ್ಪತ್ತು ವರ್ಷ ಹಣ್ಣು ಜೋಡಿಸಿದ ಕೈ ಅದು. "ಹೊಳೆಯೋದು ಮೇಲಿರಲಿ, ನೋಡೋರಿಗೆ ಚೆಂದ" ಎಂದರು. ಮೇಲಿನ ಪೆಟ್ಟಿಗೆಯಲ್ಲೇ ಇಟ್ಟೆವು. ಬಂದಾಗಿನಿಂದ 'ಏನಪ್ಪಾ' ಎನ್ನುತ್ತಿದ್ದವರು ಕೊನೆಯ ಕಲ್ಲು ಇಟ್ಟು, ಕೈ ಒರೆಸಿಕೊಂಡು, "ಬರ್ತೀನಿ ಅಳಿಯಂದ್ರೇ" ಎಂದರು.

ಮರುದಿನ ಸಾಹೇಬರು ಬಂದು, "ಎಷ್ಟು ಅಚ್ಚುಕಟ್ಟಾಗಿ ಇಟ್ಟಿದ್ದೀಯಯ್ಯಾ!" ಎಂದು ಬೆನ್ನು ತಟ್ಟಿದರು. ಆಗ ಬೇಕಾಗಿದ್ದದ್ದು ಸುಣ್ಣಕಲ್ಲು. ಒಂಬತ್ತನೆಯದರಲ್ಲಿ ಅದು ಇರಲಿಲ್ಲ. ಯಾರೂ ಮತ್ತೆ ಆ ಪೆಟ್ಟಿಗೆ ತೆರೆಯಲಿಲ್ಲ. ಕೊರೆತದ ದಿನ ಬರೆದ ಪುಸ್ತಕವನ್ನು ಗೆದ್ದಲು ತಿಂದಿತು. ಉಳಿದ ಸಾಕ್ಷಿ ಪೆಟ್ಟಿಗೆಗಳು, ಮತ್ತು ನಾನು.

ಹೋದ ವರ್ಷ ಈ ಮೇಡಂ ಬಂದರು. ಒಂದೊಂದೇ ಕಲ್ಲನ್ನು ತೊಳೆದು, ಭೂತಗನ್ನಡಿ ಹಿಡಿದು ನೋಡಿದರು. ನಲವತ್ತು ಅಡಿಯಲ್ಲೇ ತಾಮ್ರ ಎಂದು ವರದಿ ಬರೆಯುವ ಮೊದಲು ನನ್ನ ಮನೆಗೇ ಬಂದು ಕೇಳಿದರು: "ಯಜಮಾನ್ರೇ, ಆ ಪೆಟ್ಟಿಗೆಗಳನ್ನ ಯಾರಾದ್ರೂ ಮುಟ್ಟಿದ್ರಾ?" "ಹೊರಗಿನವರು ಯಾರೂ ಮುಟ್ಟಿಲ್ಲಮ್ಮ" ಎಂದೆ. ಮಾವ ಹೊರಗಿನವರೇ? ನೀವೇ ಹೇಳಿ. ಹೀಗೆ ಮಾತು ಜಾರಿಸಿದೆ. ಅಳಿಯ ಅಚ್ಚುಕಟ್ಟಿನ ಮನುಷ್ಯ ಎಂದು ಹೇಳಿಯೇ ಮಾವ ಮಗಳನ್ನು ಒಪ್ಪಿಸಿದ್ದು. ಆ ಮಗಳು ನನ್ನ ಹಿಂದೆ ನಿಂತು ಚಹಾ ಸೋಸುತ್ತಿದ್ದಳು. ಅವಳೆದುರು ನಿಜ ಹೇಳಲು ಬಾಯಿ ಬರಲಿಲ್ಲ.

ಮೇಡಂ, ನಿಮ್ಮ ಕಣ್ಣು ತಪ್ಪಿಲ್ಲ. ಅದು ತಾಮ್ರವೇ. ನಲವತ್ತು ಅಡಿಯದೋ ನಾನೂರು ಅಡಿಯದೋ ನನಗೂ ಗೊತ್ತಿಲ್ಲ. ಗೊತ್ತಿರುವುದು ಒಂದೇ: ಅದನ್ನು ಮೇಲಿಟ್ಟದ್ದು ಭೂಮಿಯಲ್ಲ, ನಾನು ಮತ್ತು ಒಬ್ಬ ಹಣ್ಣಿನ ವ್ಯಾಪಾರಿ. ನಾನೂರು ಅಡಿ ಇಳಿಯುವ ಶಕ್ತಿ ನಮ್ಮ ಕಂಪನಿಗೆ ಇದೆಯೇ? ನಿರ್ದೇಶಕರ ಮುಖ ನೋಡಿ, ಉತ್ತರ ಅಲ್ಲೇ ಇದೆ.

ಆದ್ದರಿಂದ ಅಧ್ಯಕ್ಷರೇ, ಷೇರುದಾರನಾಗಿ ನನ್ನದೊಂದು ತಿದ್ದುಪಡಿ. ಗಣಿ ಮಾರುವ ಮೊದಲು ಒಂಬತ್ತನೆಯದರ ಪಕ್ಕದಲ್ಲಿ ಇನ್ನೊಂದೇ ಒಂದು ತೂತು ಕೊರೆಯಿರಿ. ಮೂರು ವಾರದ ಕೆಲಸ. ಬಂದ ಕಲ್ಲನ್ನು ಮೇಡಂ ಅವರೇ ಕೈಯಾರೆ ಜೋಡಿಸಲಿ. ನನ್ನನ್ನು ಹತ್ತಿರ ಬಿಡಬೇಡಿ. ಫಲಕವನ್ನು ಇಲ್ಲೇ ಮೇಜಿನ ಮೇಲೆ ಇಟ್ಟಿದ್ದೇನೆ. ಇದಕ್ಕೆ ಒಪ್ಪುವವರು ಚಹಾಕ್ಕೆ ಕಾಯದೆ ಈಗಲೇ ಕೈ ಎತ್ತಬಹುದು.

ಎಲ್ಲಕ್ಕಿಂತ ಮೊದಲು ವೇದಿಕೆಯ ಮೇಲೇ ಒಂದು ಕೈ ಎದ್ದಿದೆ. ಮೇಡಂ, ನಿಮ್ಮ ಹೆಸರಲ್ಲಿ ಒಂದು ಷೇರೂ ಇಲ್ಲವಲ್ಲ, ಆ ಕೈ ಲೆಕ್ಕಕ್ಕೆ ಬರುವುದಿಲ್ಲ. ಇಳಿಸುವುದಿಲ್ಲವೇ? ಸರಿ. ಲೆಕ್ಕಕ್ಕೆ ಬರುವ ಕೈಗಳು ಇರುವವರೇ, ವರದಿ ಬರೆದವರ ಕೈ ಎಲ್ಲಿದೆ ಎಂದು ಒಮ್ಮೆ ನೋಡಿ.

ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೂ, ಮಾತು ತಡೆಯದ ಅಧ್ಯಕ್ಷರಿಗೂ ಧನ್ಯವಾದ. ನಮಸ್ಕಾರ.